ಇನ್ನೂ ಬೆಳಕಿದೆ, ಆಗಲೇ ಯಾಕೆ ಮಲಗಬೇಕು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರ ಮನೆಯಲ್ಲಿ ಒಂದರಿಂದ ಆರು ವರ್ಷದೊಳಗಿನ ಮಕ್ಕಳಿದ್ದಾರೆ ಅಂತ ಕೇಳಿದೆ. ಹಿಂದಿನ ಸಾಲಿನಲ್ಲಿ ಒಂದು ಮಗು ಆಗಲೇ ಕುರ್ಚಿಯಿಂದ ಇಳಿದು ಓಡಾಡುತ್ತಿದೆ. ಓಡಾಡಲಿ, ನನಗೇನೂ ತೊಂದರೆ ಇಲ್ಲ. ಅದರ ಅಮ್ಮ ನಿಶ್ಚಿಂತೆಯಿಂದ ಕೂತು ಕೇಳಿದರೆ ಸಾಕು.

ವಸಂತ ಅಂದ ಕೂಡಲೇ ನಮಗೆ ನೆನಪಾಗುವುದು ಚಿಗುರು, ಹೂವು, ಹಿತವಾದ ಗಾಳಿ. ಇನ್ನು ಮಕ್ಕಳನ್ನು ಹೊರಗೆ ಬಿಡಬಹುದು, ಮನೆಯೊಳಗಿನ ಗಲಾಟೆ ಕಮ್ಮಿಯಾಗುತ್ತದೆ ಅನ್ನುವ ಆಸೆಯೂ ಇರುತ್ತದೆ. ಆದರೆ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಈ ಕಾಲ ಶುರುವಾಗುತ್ತಿದ್ದಂತೆ ಕೇಳಿಬರುವ ಮಾತೇ ಬೇರೆ. ‘ರಾತ್ರಿ ಮಲಗೋದೇ ಇಲ್ಲ’. ‘ಬೆಳಗಾಗೋ ಮುಂಚೆ ಎದ್ದು ಕೂತಿರ್ತಾಳೆ’. ‘ಆಟದಿಂದ ಒಳಗೆ ಕರೆದರೆ ರಂಪ’. ‘ಮೂಗು ಸೋರೋದು ನಿಂತೇ ಇಲ್ಲ’. ಹೀಗೆ ಹೇಳಿದ ಅಪ್ಪ ಅಮ್ಮಂದಿರೇ ಮರುಗಳಿಗೆ ಫೋನು ತೆಗೆದು, ಮಗು ಹುಲ್ಲಿನ ಮೇಲೆ ಉರುಳುತ್ತಾ ನಗುವ ವಿಡಿಯೋ ತೋರಿಸುತ್ತಾರೆ. ಮುಖವೆಲ್ಲ ಅರಳಿರುತ್ತದೆ. ಎರಡೂ ನಿಜ, ಎರಡೂ ಒಂದೇ ದಿನದಲ್ಲಿ ಆಗಿದ್ದು.

ನಾನು ಎರಡು ಮಕ್ಕಳ ತಾಯಿ. ಶಿಶುವಿಹಾರದಲ್ಲಿ ಮಕ್ಕಳ ಜೊತೆ ದಿನ ಕಳೆದವಳು ಕೂಡ. ಇಷ್ಟು ವಸಂತಗಳನ್ನು ನೋಡಿದ ಮೇಲೆ ನನಗೆ ಒಂದು ವಿಷಯ ಗಟ್ಟಿಯಾಗಿ ಅನ್ನಿಸಿದೆ. ಮಗು ಹೊರಗೆ ಆಡುತ್ತಿರುವಾಗ ಜಗಳ ಕಡಿಮೆ. ಒಳಗೆ ಬಂದು ತನ್ನ ಪಾಡಿಗೆ ಕೂತಾಗಲೂ ಕಡಿಮೆ. ಜಗಳವೆಲ್ಲ ಹೊಸಿಲಿನ ಮೇಲೆ. ಹೊರಡುವಾಗ, ವಾಪಸ್ ಬರುವಾಗ, ಆಮೇಲೆ ಬೆಳಕಿನಿಂದ ನಿದ್ದೆಗೆ ಹೋಗುವಾಗ. ವಸಂತದಲ್ಲಿ ಈ ಹೋಗಿ ಬರುವ ಗಳಿಗೆಗಳು ಜಾಸ್ತಿಯಾಗುತ್ತವೆ, ಅದಕ್ಕೇ ಜಗಳವೂ ಜಾಸ್ತಿಯಾದ ಹಾಗೆ ಕಾಣುತ್ತದೆ. ಈ ಗಳಿಗೆಗಳಿಗೆ ಸ್ವಲ್ಪ ಹೆಚ್ಚು ಸಮಯ ಕೊಟ್ಟರೆ ದಿನದ ಉಳಿದ ಭಾಗ ತಾನಾಗಿ ಹಗುರಾಗುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಆದರೆ ಇಷ್ಟನ್ನು ಹೇಳಲು ತುಸು ಸುತ್ತಬೇಕಾಗುತ್ತದೆ.

ಹೊರಡುವುದರಿಂದಲೇ ಶುರು ಮಾಡೋಣ.

ಎರಡೂವರೆ ವರ್ಷದ ಮಗು ತಾನೇ ಶೂ ಹಾಕಿಕೊಳ್ಳುವುದನ್ನು ಯಾವತ್ತಾದರೂ ಪೂರ್ತಿ ನೋಡಿದ್ದೀರಾ? ಮಧ್ಯೆ ಬಾಯಿ ಹಾಕದೆ, ಕೈ ಹಾಕದೆ? ಮೊದಲು ನೆಲದ ಮೇಲೆ ಕೂರುತ್ತದೆ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಇಣುಕಿ ನೋಡುತ್ತದೆ. ನಿನ್ನೆಯ ಮರಳು ಒಳಗಿದ್ದರೆ ಅದನ್ನು ಸುರಿಯುವ ಕೆಲಸ ಬೇರೆ. ಆಮೇಲೆ ಕಾಲು ತೂರಿಸುತ್ತದೆ. ಹೆಬ್ಬೆರಳು ಒಳಗೆ ಹೋಗುತ್ತದೆ, ಕಿರುಬೆರಳು ಹೊರಗೇ ಉಳಿಯುತ್ತದೆ. ಸಾಕ್ಸ್ ಮುದುಡಿಕೊಳ್ಳುತ್ತದೆ. ತೆಗೆದು ಮತ್ತೆ ಮೊದಲಿನಿಂದ. ಹಿಮ್ಮಡಿ ಒಳಗಿಳಿಯಬೇಕಾದರೆ ಎದ್ದು ನಿಂತು ಕಾಲು ಕುಟ್ಟಬೇಕು. ನಿಂತರೆ ವಾಲುತ್ತದೆ, ಅದಕ್ಕೆ ಗೋಡೆ ಹಿಡಿಯಬೇಕು. ಕೊನೆಗೆ ಪಟ್ಟಿ ಎಳೆದು ಅಂಟಿಸುತ್ತದೆ. ಬಿಚ್ಚುವಾಗ ಚರ್ ಅಂತ ಬರುವ ಸದ್ದು ಇಷ್ಟವಾಗಿ, ಬಿಚ್ಚಿ ಮತ್ತೆ ಅಂಟಿಸುತ್ತದೆ. ಇಷ್ಟೆಲ್ಲ ಆದ ಮೇಲೆ ನೋಡಿದರೆ ಬಲಗಾಲಿನ ಶೂ ಎಡಗಾಲಿನಲ್ಲಿದೆ.

ದೊಡ್ಡವರ ಕಣ್ಣಿಗೆ ಇದು ಹೊರಡುವುದಕ್ಕೆ ಮುಂಚಿನ ಕೆಲಸ. ಮಗುವಿಗೆ ಹಾಗಲ್ಲ. ಅದು ಆಗಲೇ ಹೊರಟಾಗಿದೆ. ‘ಅಮ್ಮಾ, ನಾನೇ!’ ಅಂತ ಕೂಗುವುದು ಹಟಕ್ಕಲ್ಲ. ಬೆರಳು, ಹಿಮ್ಮಡಿ, ಗೋಡೆ, ಪಟ್ಟಿ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸುವ ದೊಡ್ಡ ಕೆಲಸವನ್ನು ಅದು ಕೈಗೆತ್ತಿಕೊಂಡಿದೆ. ಕೊನೆಯ ಹಂತದಲ್ಲಿ ನಾವು ‘ಬಾ ಇಲ್ಲಿ, ಟೈಮ್ ಆಯ್ತು’ ಅಂತ ಕಾಲೆಳೆದು ಹಾಕಿಬಿಟ್ಟರೆ ಅದು ಅಳುವುದು ಸಹಜ ಅಲ್ವಾ? ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಹೊರಡುವ ತಯಾರಿಯನ್ನು ಹದಿನೈದು ನಿಮಿಷ ಮುಂಚೆಯೇ ಶುರು ಮಾಡಿ. ಒಂದು ಶೂ ಮಗು ಹಾಕಲಿ, ಇನ್ನೊಂದು ನೀವು ಹಾಕಿ. ತುರ್ತು ಇರುವ ದಿನ ಮೊದಲೇ ಹೇಳಿ: ‘ಇವತ್ತು ಬೇಗ ಹೋಗಬೇಕು ಪುಟ್ಟಾ, ಶೂ ನಾನು ಹಾಕ್ತೀನಿ, ಬಾಗಿಲು ನೀನು ತೆಗಿ’. ಒಂದು ಕೆಲಸ ಕಸಿದುಕೊಂಡರೆ ಇನ್ನೊಂದು ಕೆಲಸ ಕೈಗೆ ಕೊಡಬೇಕು.

ಶೂ ವಿಷಯ ಬಂದಾಗಲೇ ಇನ್ನೊಂದು ಮಾತು. ಹೊರಡುವಾಗಿನ ಅಳುವಿಗೆ ಎಷ್ಟೋ ಸಲ ಕಾರಣ ಶೂ ಚಿಕ್ಕದಾಗಿರುವುದು. ಎರಡು ವರ್ಷ ದಾಟಿದ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 7 ಸೆಂಟಿಮೀಟರ್ ಎತ್ತರ ಬೆಳೆಯುತ್ತಾರೆ. ಆ ಬೆಳವಣಿಗೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ವಸಂತ, ಬೇಸಿಗೆಯಲ್ಲಿ ಎತ್ತರ ತುಸು ಬೇಗ ಏರುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದಾರೆ. ಚಳಿಗಾಲಕ್ಕೆ ಮುಂಚೆ ಕೊಂಡ ಶೂ ಈಗ ಹೊಂದುತ್ತದೆ ಅಂತ ಅಂದುಕೊಳ್ಳಬೇಡಿ. ಮಗುವನ್ನು ನಿಲ್ಲಿಸಿ, ಬೆರಳ ತುದಿಗೂ ಶೂ ತುದಿಗೂ ನಡುವೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗ ಇದೆಯಾ ಒತ್ತಿ ನೋಡಿ. ‘ಚುಚ್ಚುತ್ತೆ’ ಅಂತ ಹೇಳಲು ಎರಡು ವರ್ಷದ ಮಗುವಿಗೆ ಬರುವುದಿಲ್ಲ. ಅಳಲು ಬರುತ್ತದೆ.

ಬಟ್ಟೆಯದೂ ಹೀಗೇ. ಬೆಳಿಗ್ಗೆ ಚಳಿ, ಮಧ್ಯಾಹ್ನ ಸೆಕೆ, ಸಂಜೆ ಮತ್ತೆ ಚಳಿ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕಿದರೆ ತೆಗೆಯುತ್ತಾ ಹೋಗಬಹುದು. ಮಗುವಿಗೆ ಸೆಕೆಯೋ ಚಳಿಯೋ ಅಂತ ತಿಳಿಯಲು ಅಂಗೈ ಮುಟ್ಟಬೇಡಿ. ಮಕ್ಕಳ ಕೈ ಸುಮ್ನೆ ತಣ್ಣಗಿರುತ್ತದೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ.

ಸರಿ, ಹೊಸಿಲು ದಾಟಿದೆವು. ಹೊರಗೆ ಬಂದೆವು.

ಇಲ್ಲಿ ನನಗೆ ಹೇಳಲು ಬಹಳ ಇದೆ, ಯಾಕೆಂದರೆ ಈ ಭಾಗ ನನಗೆ ತುಂಬಾ ಇಷ್ಟ. ಒಂದು ಸಂಜೆ ನನ್ನ ಚಿಕ್ಕವನು ಪಾರ್ಕಿನ ದಾರಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಇರುವೆಗಳ ಸಾಲು. ಒಂದು ಇರುವೆ ತನಗಿಂತ ದೊಡ್ಡದಾದ ಒಣ ಎಸಳನ್ನು ಎಳೆದುಕೊಂಡು ಹೊರಟಿತ್ತು. ಎಸಳು ಒಂದು ಕಲ್ಲಿಗೆ ಸಿಕ್ಕಿಕೊಂಡಿತು. ಇರುವೆ ಹಿಂದೆ ಹೋಯಿತು, ಪಕ್ಕಕ್ಕೆ ಹೋಯಿತು, ಮತ್ತೆ ಎಳೆಯಿತು. ಇವನ ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿತ್ತು. ಉಸಿರು ತಾಗಿ ಎಸಳು ಹಾರಬಾರದು ಅಂತ ಬಾಯಿ ಮುಚ್ಚಿಕೊಂಡಿದ್ದ. ಎಸಳು ಕಲ್ಲು ದಾಟಿದಾಗ ನನ್ನ ಕಡೆ ತಿರುಗಿ, ‘ಅದೂ ತಾನೇ ಮಾಡ್ತು’ ಅಂದ. ಮನೆಯೊಳಗೆ ಎರಡು ನಿಮಿಷ ಒಂದು ಕಡೆ ಕೂರದ ಹುಡುಗ ಅವನು.

ಪುಟ್ಟ ಮಕ್ಕಳ ಗಮನ ಚಂಚಲ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಆ ಮಾತಿನಲ್ಲಿ ಪೂರ್ತಿ ನಂಬಿಕೆ ಇಲ್ಲ. ನಾವು ಕೊಡುವ ವಸ್ತುವಿನ ಮೇಲೆ ಅವರ ಗಮನ ನಿಲ್ಲದಿರಬಹುದು. ಅವರೇ ಹುಡುಕಿಕೊಂಡ ಇರುವೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ. ವಸಂತದಲ್ಲಿ ಇಂಥದ್ದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ನೆನ್ನೆ ಇಲ್ಲದ ಚಿಗುರು ಇವತ್ತು ಇದೆ. ಮೊಗ್ಗು ಬಿರಿದಿದೆ. ಹಕ್ಕಿ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಹೋಗುತ್ತಿದೆ. ಆದ್ದರಿಂದ ಪಾರ್ಕಿಗೆ ಹೋಗುವ ದಾರಿಯೂ ಆಟವೇ. ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಪಾರ್ಕಿನವರೆಗೆ ಹೋಗದಿದ್ದರೂ ಪರವಾಗಿಲ್ಲ.

ಹೊರಗಿನ ಆಟದಿಂದ ಲಾಭ ಏನು ಅಂತ ಲೆಕ್ಕ ಕೇಳುವವರಿಗೆ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು ಅನ್ನುತ್ತದೆ ಅದು. ಮೂರು ತಾಸು ಒಂದೇ ಸಲಕ್ಕೆ ಓಡಿಸಬೇಕಾಗಿಲ್ಲ. ನಡೆಯುವುದು, ಹತ್ತುವುದು, ಕುಣಿಯುವುದು ಎಲ್ಲ ಸೇರಿ. ಇನ್ನೊಂದು, ಕಣ್ಣಿನ ವಿಷಯ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಲ್ಲಿ ಪಾಠ ಆಟ ಇಟ್ಟರು. ಮೂರು ವರ್ಷ ಕಳೆದ ಮೇಲೆ ನೋಡಿದರೆ, ಹಾಗೆ ಹೊರಗೆ ಹೋಗದ ಶಾಲೆಗಳಲ್ಲಿ 100ಕ್ಕೆ ಸುಮಾರು 40 ಮಕ್ಕಳಿಗೆ ದೂರದ್ದು ಕಾಣದ ದೃಷ್ಟಿದೋಷ ಬಂದಿತ್ತು. ಹೊರಗೆ ಹೋದವರಲ್ಲಿ ಸುಮಾರು 30. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ದುಡ್ಡು ಖರ್ಚಿಲ್ಲದೆ, ಬರೀ ಬಯಲಿನ ಬೆಳಕಿನಲ್ಲಿ ಇದ್ದದ್ದಕ್ಕೆ ಇಷ್ಟು ವ್ಯತ್ಯಾಸ.

ಮಂಡಿ ತರಚುತ್ತದೆ. ಸೋಪು ನೀರಿನಲ್ಲಿ ತೊಳೆದರೆ ಮಾಯುತ್ತದೆ. ಮಣ್ಣಾಗುತ್ತದೆ, ಬಟ್ಟೆ ರಾಶಿ ಬೀಳುತ್ತದೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಆದರೆ ಎರಡು ವಿಷಯದಲ್ಲಿ ಮಾತ್ರ ಸ್ವಲ್ಪವೂ ಉದಾಸೀನ ಬೇಡ. ಒಂದು ಕಿಟಕಿ. ಚಳಿಗಾಲದಲ್ಲಿ ಮುಚ್ಚಿಟ್ಟ ಕಿಟಕಿಗಳನ್ನು ಈ ಕಾಲದಲ್ಲಿ ಅಗಲವಾಗಿ ತೆರೆಯುತ್ತೇವೆ. ಮಗು ಹೋದ ವರ್ಷಕ್ಕಿಂತ ಎತ್ತರವಾಗಿದೆ, ಮಂಚ ಹತ್ತುತ್ತದೆ, ಕುರ್ಚಿ ಎಳೆದುಕೊಂಡು ಹೋಗುತ್ತದೆ. ಸೊಳ್ಳೆ ಜಾಲರಿ ಮಗುವಿನ ಭಾರ ತಡೆಯುವುದಿಲ್ಲ. ಕಿಟಕಿಗೆ ಗಟ್ಟಿ ಸರಳು ಇಲ್ಲದಿದ್ದರೆ ಅದು 10 ಸೆಂಟಿಮೀಟರ್‌ಗಿಂತ ಜಾಸ್ತಿ ತೆರೆಯದ ಹಾಗೆ ತಡೆ ಹಾಕಿಸಿ. ಮಂಚ, ಸೋಫಾ, ಕುರ್ಚಿ ಕಿಟಕಿಯಿಂದ ದೂರ ಇರಲಿ. ಎರಡನೆಯದು ನೀರು. ಅಂಗಳದ ಬಕೆಟ್, ಮಳೆನೀರು ತುಂಬಿದ ಟಬ್ಬು, ಆಟ ಮುಗಿದ ಮೇಲೆ ಉಳಿದ ನೀರು. ಪುಟ್ಟ ಮಗುವಿಗೆ ಮೂಗು ಬಾಯಿ ಮುಳುಗುವಷ್ಟು ನೀರು ಸಾಕು, ಮತ್ತು ಆ ಅಪಾಯ ಸದ್ದು ಮಾಡದೆ ಆಗುತ್ತದೆ. ಬಳಸಿ ಮುಗಿದ ತಕ್ಷಣ ಚೆಲ್ಲಿ, ಬಕೆಟ್ ಬೋರಲು ಹಾಕಿ.

ಈಗ ಕಷ್ಟದ ಭಾಗ. ವಾಪಸ್ ಬರುವುದು.

ದೃಶ್ಯ ನಿಮಗೆಲ್ಲ ಗೊತ್ತಿರುವುದೇ. ‘ಬಾ, ಹೋಗೋಣ’. ಕೇಳಿಸಿದರೂ ಕೇಳಿಸದ ಹಾಗೆ ಇರುತ್ತದೆ. ‘ಇನ್ನು ಐದು ನಿಮಿಷ ಅಷ್ಟೇ’. ಅದಕ್ಕೂ ಉತ್ತರವಿಲ್ಲ. ಐದು ನಿಮಿಷ ಆದ ಮೇಲೆ ಕೈ ಹಿಡಿದರೆ ಮಗು ನೆಲಕ್ಕೆ ಬಿದ್ದು ಕಾಲು ಬಡಿಯುತ್ತದೆ. ಸುತ್ತ ಇರುವವರೆಲ್ಲ ನೋಡುತ್ತಾರೆ. ನಮಗೆ ಮುಖ ಬಿಸಿಯಾಗುತ್ತದೆ. ಮಗುವಿಗಿಂತ ಜಾಸ್ತಿ ಆ ನೋಟಗಳೇ ನಮ್ಮ ಕೋಪ ಹೆಚ್ಚಿಸುವುದು.

ಐದು ನಿಮಿಷ ಅಂದರೆ ಎಷ್ಟು ಅಂತ ಮೂರು ವರ್ಷದ ಮಗುವಿಗೆ ಗೊತ್ತಿಲ್ಲ. ಅದು ಗಡಿಯಾರದ ಅಳತೆ, ಅವರ ಅಳತೆ ಬೇರೆ. ‘ಇನ್ನು ಮೂರು ಸಲ ಜಾರು, ಆಮೇಲೆ ಮನೆ’ ಅಂದರೆ ಅರ್ಥವಾಗುತ್ತದೆ. ಒಂದೊಂದು ಸಲ ಜಾರಿದಾಗಲೂ ಹತ್ತಿರ ನಿಂತು ಎಣಿಸಿ. ದೂರದ ಬೆಂಚಿನಿಂದ ಕೂಗಿದರೆ ಎಣಿಕೆಗೆ ಅರ್ಥ ಇಲ್ಲ. ಮೂರನೆಯದು ಮುಗಿದ ಮೇಲೆ ನಾಲ್ಕನೆಯದಕ್ಕೆ ಬಿಡಬೇಡಿ, ಇದರಲ್ಲಿ ಗಟ್ಟಿ ಇರಬೇಕು. ಇವತ್ತು ಮೂರು ಅಂದರೆ ಮೂರೇ ಅಂತ ಗೊತ್ತಾದರೆ ನಾಳೆ ಅಳು ಕಡಿಮೆ. ಜೊತೆಗೆ, ಏನನ್ನು ಬಿಟ್ಟು ಹೋಗುತ್ತೇವೆ ಅನ್ನುವುದರ ಮೇಲೆ ಮಾತು ಬೆಳೆಸದೆ, ಕೈಯಲ್ಲಿ ಏನಾದರೂ ಹಿಡಿದು ಹೋಗಲು ಬಿಡಿ. ಒಂದು ಕಡ್ಡಿ, ಒಂದು ಕಲ್ಲು, ಉದುರಿದ ಹೂವು. ಹೊರಗಿನದೊಂದು ತನ್ನ ಜೊತೆ ಒಳಗೆ ಬರುತ್ತದೆ ಅನ್ನುವುದೇ ಅವರಿಗೆ ದೊಡ್ಡ ಸಮಾಧಾನ. ನಮ್ಮ ಮನೆ ಬಾಗಿಲ ಪಕ್ಕ ಇದಕ್ಕೇ ಒಂದು ಡಬ್ಬಿ ಇದೆ. ತಂದದ್ದು ಅದರೊಳಗೆ ಬೀಳಬೇಕು, ಆಮೇಲೆ ಶೂ ಬಿಚ್ಚಬೇಕು.

ಇಷ್ಟು ಮಾಡಿದರೂ ರಂಪ ಆಗುವ ದಿನ ಆಗಿಯೇ ಆಗುತ್ತದೆ. ಒಂದೂವರೆಯಿಂದ ಐದು ವರ್ಷದ ಮಕ್ಕಳ ರಂಪದ ಬಗ್ಗೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದು 2003ರಲ್ಲಿ ಪ್ರಕಟವಾಯಿತು. ಮುನ್ನೂರಕ್ಕೂ ಹೆಚ್ಚು ತಂದೆ ತಾಯಿಯರು ಒಂದೊಂದು ರಂಪವನ್ನು ವಿವರವಾಗಿ ಬರೆದುಕೊಟ್ಟಿದ್ದರು. ನಾಲ್ಕರಲ್ಲಿ ಮೂರು ಪಾಲು ರಂಪಗಳು ಐದು ನಿಮಿಷದೊಳಗೆ ಮುಗಿದಿದ್ದವು. ನೆಲದ ಮೇಲೆ ಬಿದ್ದ ಮಗುವಿನ ಪಕ್ಕ ನಿಂತಾಗ ಅದು ಒಂದು ಯುಗದ ಹಾಗೆ ಅನ್ನಿಸುತ್ತದೆ, ನನಗೆ ಗೊತ್ತು. ಆದರೆ ಕಿರುಚುವುದು, ಒದೆಯುವುದು ಶುರುವಿನಲ್ಲೇ ಏರಿ ಇಳಿಯುತ್ತದೆ. ಅಳು, ದುಃಖ ಉಳಿಯುತ್ತದೆ. ಕೋಪ ಏರಿರುವಾಗ ಬುದ್ಧಿಮಾತು ಕಿವಿಗೆ ಹೋಗುವುದಿಲ್ಲ. ಪ್ರಶ್ನೆ ಕೇಳಿದರೆ ಇನ್ನೂ ಏರುತ್ತದೆ. ಆಗ ಮಾಡಬೇಕಾದದ್ದು, ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಂಡು ಹತ್ತಿರ ಕೂರುವುದು. ‘ಇನ್ನೂ ಆಡಬೇಕಿತ್ತು, ಅಲ್ವಾ?’ ಅನ್ನುವ ಒಂದೇ ಮಾತು ಸಾಕು. ಕಿರುಚಾಟ ಇಳಿದು ಬರೀ ಅಳು ಉಳಿದಾಗ ಕೈ ಚಾಚಿ. ಆಗ ಬರುತ್ತಾರೆ. ಎತ್ತಿಕೊಂಡು ಹೊರಡಿ. ಪಕ್ಕದಲ್ಲಿ ನೋಡುತ್ತಾ ನಿಂತವರಿಗೂ ನಾನು ಒಂದು ಮಾತು ಹೇಳಬೇಕು. ಸಲಹೆ ಬೇಡ, ನೆಟ್ಟ ನೋಟ ಬೇಡ. ಆ ತಾಯಿಯ ಬ್ಯಾಗು ಹಿಡಿದುಕೊಳ್ಳಿ, ಅಥವಾ ದೊಡ್ಡ ಮಗುವಿನ ಜೊತೆ ಎರಡು ಮಾತಾಡಿ. ಅದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ.

ಒಳಗೆ ಬಂದೆವು. ಊಟ ಆಯಿತು. ಇನ್ನು ಮಲಗಬೇಕು. ಹೊರಗೆ ನೋಡಿದರೆ ಬೆಳಕು ಹಾಗೇ ಇದೆ.

ಹಗಲು ರಾತ್ರಿ ಸಮವಾಗುವ ದಿನ ಉತ್ತರ ಗೋಳಾರ್ಧದಲ್ಲಿ ಮಾರ್ಚ್ 20ರ ಸುಮಾರಿಗೆ ಬರುತ್ತದೆ. ದಕ್ಷಿಣದಲ್ಲಿ ವಸಂತದ ಆ ದಿನ ಸೆಪ್ಟೆಂಬರ್ 22, 23ರ ಸುಮಾರಿಗೆ. ಹಗಲು ಅತಿ ಬೇಗ ಬೆಳೆಯುವುದು ಈ ದಿನದ ಆಸುಪಾಸಿನಲ್ಲೇ. ಭೂಮಧ್ಯರೇಖೆಯ ಹತ್ತಿರ ಇದು ಗೊತ್ತೇ ಆಗುವುದಿಲ್ಲ. ಅಲ್ಲಿಂದ ದೂರ ಹೋದಷ್ಟೂ ಜಾಸ್ತಿ. ದಿನಕ್ಕೆ ಮೂರು ನಾಲ್ಕು ನಿಮಿಷ ಹಗಲು ಸೇರುವ ಊರುಗಳಿವೆ. ಅಂದರೆ ಒಂದು ತಿಂಗಳಲ್ಲಿ ಒಂದೂವರೆ, ಎರಡು ಗಂಟೆ. ಕೆಲವು ದೇಶಗಳಲ್ಲಿ ಇದೇ ಕಾಲಕ್ಕೆ ಗಡಿಯಾರವನ್ನೂ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ‘ಕತ್ತಲಾಯ್ತು, ಮಲಗು’ ಅಂತ ಚಳಿಗಾಲವಿಡೀ ಹೇಳಿಕೊಂಡು ಬಂದಿದ್ದೇವೆ. ಈಗ ಮಗು ಕಿಟಕಿ ತೋರಿಸಿ, ‘ಕತ್ತಲಾಗಿಲ್ವಲ್ಲ’ ಅನ್ನುತ್ತದೆ. ಅದು ಹೇಳುವುದು ಸರಿಯಾಗಿಯೇ ಇದೆ.

ಬರೀ ಮಾತಿನ ಸರಿ ಅಲ್ಲ, ಮೈಯೂ ಹಾಗೇ ಹೇಳುತ್ತಿರುತ್ತದೆ. ಕತ್ತಲಾಗುತ್ತಿದ್ದಂತೆ ಮೆದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಏರುತ್ತದೆ, ಮೈ ನಿದ್ದೆಗೆ ಸಜ್ಜಾಗುತ್ತದೆ. ಬೆಳಕು ಬಿದ್ದರೆ ಅದು ತಗ್ಗುತ್ತದೆ. ಪುಟ್ಟ ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿಯಾಗಿರುತ್ತದೆ. ಹಾಗಾಗಿ ನಮಗಿಂತ ಜಾಸ್ತಿ ಬೆಳಕು ಒಳಗೆ ಹೋಗುತ್ತದೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ ಮಕ್ಕಳನ್ನು ಮಲಗುವ ಹೊತ್ತಿಗೆ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನ ಮುಂದೆ ಆಡಿಸಿ ನೋಡಿದರು. ಮೆಲಟೋನಿನ್ ಶೇಕಡಾ 88ರಷ್ಟು ಕುಸಿಯಿತು. ಬೆಳಕು ಆರಿಸಿ 50 ನಿಮಿಷ ಕಳೆದ ಮೇಲೂ ಹೆಚ್ಚಿನ ಮಕ್ಕಳಲ್ಲಿ ಅದು ತಗ್ಗಿಯೇ ಇತ್ತು. 2018ರಲ್ಲಿ ಬಂದ ಈ ಅಧ್ಯಯನ ಚಿಕ್ಕದು, ಇದ್ದದ್ದು ಹತ್ತೇ ಮಕ್ಕಳು. ಆದರೂ ಸಂಜೆಯ ಬೆಳಕಿನಿಂದ ಸೀದಾ ಹಾಸಿಗೆಗೆ ಹಾಕಿದ ಮಗು ಯಾಕೆ ಒಂದು ಗಂಟೆ ಹೊರಳಾಡುತ್ತದೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಕತ್ತಲನ್ನು ನಾವೇ ಮಾಡಬೇಕು. ಮಲಗುವ ಹೊತ್ತಿಗೆ ಒಂದು ಗಂಟೆ ಮುಂಚೆ ಪರದೆ ಎಳೆಯಿರಿ. ಮಲಗುವ ಕೋಣೆಗೆ ದಪ್ಪ, ಕಪ್ಪು ಬಟ್ಟೆಯಾದರೂ ಸರಿ. ದೊಡ್ಡ ದೀಪ ಆರಿಸಿ, ಚಿಕ್ಕದು ಹಚ್ಚಿ. ಮೊಬೈಲು, ಟಿವಿ ಆ ಗಂಟೆಯಲ್ಲಿ ಬೇಡವೇ ಬೇಡ. ಮೈ ತೊಳೆಸುವುದು, ಹಲ್ಲುಜ್ಜಿಸುವುದು, ಕಥೆ ಹೇಳುವುದು, ಇವು ದಿನವೂ ಒಂದೇ ಕ್ರಮದಲ್ಲಿ ಬರಲಿ. ಆಗ ‘ಕತ್ತಲಾಯ್ತು’ ಅನ್ನುವ ಮಾತೇ ಬೇಕಾಗುವುದಿಲ್ಲ. ‘ಕಥೆ ಆಯ್ತು, ಈಗ ಮಲಗೋದು’. ಬೆಳಿಗ್ಗೆ ಇದಕ್ಕೆ ತದ್ವಿರುದ್ಧ. ಎದ್ದ ಕೂಡಲೇ ಪರದೆ ಸರಿಸಿ, ಸಾಧ್ಯವಾದರೆ ಹೊರಗೆ ಕರೆದುಕೊಂಡು ಹೋಗಿ. ಬೆಳಗಿನ ಬೆಳಕು ಆ ರಾತ್ರಿಯ ನಿದ್ದೆಯನ್ನು ಹಿಂದಕ್ಕೆ, ಅಂದರೆ ಬೇಗನೆ, ಎಳೆದು ತರುತ್ತದೆ.

ಒಂದೆರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ದಿನವಿಡೀ ಹೊರಗೆ ಆಡಿದ ಮಗು ಸಂಜೆ ಐದಕ್ಕೆ ಭುಜದ ಮೇಲೆ ಒರಗಿ ನಿದ್ದೆ ಹೋದರೆ ರಾತ್ರಿ ಹತ್ತಾದರೂ ಮಲಗುವುದಿಲ್ಲ. ಆ ದಿನಗಳಲ್ಲಿ ಊಟ, ಸ್ನಾನ, ಹಾಸಿಗೆ ಎಲ್ಲವನ್ನೂ ಹಿಂದಕ್ಕೆ ಎಳೆದು ಬೇಗ ಮುಗಿಸುವುದೇ ಒಳ್ಳೆಯದು.

ಇದೇ ಕಾಲದಲ್ಲಿ ಕೆಲವು ಮಕ್ಕಳು ರಾತ್ರಿ ಕಾಲು ನೋವು ಅಂತ ಅಳುತ್ತಾರೆ. ಚಳಿಗಾಲವೆಲ್ಲ ಒಳಗಿದ್ದು ಈಗ ಇದ್ದಕ್ಕಿದ್ದಂತೆ ಓಡಿದ ಆಯಾಸವೂ ಇರಬಹುದು. ಮೂರು ವರ್ಷದಿಂದ ಹನ್ನೆರಡರವರೆಗೆ ಇದು ಸಾಮಾನ್ಯ. ಎರಡೂ ಕಾಲಲ್ಲಿ ನೋವು, ಸಂಜೆ ಅಥವಾ ರಾತ್ರಿ ಮಾತ್ರ, ತಿಕ್ಕಿದರೆ ಹಿತ, ಬೆಳಿಗ್ಗೆ ಎದ್ದರೆ ಏನೂ ಇಲ್ಲದ ಹಾಗೆ ಓಟ. ಹೀಗಿದ್ದರೆ ಹೆದರಬೇಡಿ. ಒಂದೇ ಕಾಲಲ್ಲಿ ನೋವು, ಊತ, ಜ್ವರ, ಬೆಳಿಗ್ಗೆಯೂ ಕುಂಟುವುದು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ.

ಮೂಗಿನ ವಿಷಯ ಕೇಳದವರೇ ಇಲ್ಲ. ಪುಟ್ಟ ಮಕ್ಕಳಿಗೆ ವರ್ಷದಲ್ಲಿ ಆರೆಂಟು ಸಲ ನೆಗಡಿ ಆಗುವುದು ಮಾಮೂಲು, ವಸಂತದಲ್ಲೂ ನೆಗಡಿಯ ವೈರಸ್ ಓಡಾಡುತ್ತಿರುತ್ತದೆ. ಜೊತೆಗೆ ಗಾಳಿಯಲ್ಲಿ ಮರಗಳ ಪರಾಗ. ನೆಗಡಿಯಾದರೆ ಜ್ವರ ಬರಬಹುದು, ಸಿಂಬಳ ಗಟ್ಟಿಯಾಗುತ್ತದೆ, ಒಂದು ಹತ್ತು ದಿನದಲ್ಲಿ ಇಳಿಯುತ್ತದೆ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ನೀರಿನಂಥ ಸಿಂಬಳ, ಸಾಲು ಸೀನು, ಕಣ್ಣು ಮೂಗು ತುರಿಕೆ. ಅಂಗೈಯಿಂದ ಮೂಗನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿಕೊಳ್ಳುತ್ತಾ ಇರುತ್ತಾರೆ. ವಾರಗಟ್ಟಲೆ ಇರುತ್ತದೆ. ಎರಡು ವರ್ಷದ ಒಳಗೆ ಪರಾಗದ ಅಲರ್ಜಿ ಅಪರೂಪ. ಮಗುವಿನ ಕೈಯಲ್ಲಿರುವ ಬಣ್ಣದ ಹೂವನ್ನು ಕಿತ್ತು ಬಿಸಾಡಬೇಡಿ. ಬಣ್ಣ, ಪರಿಮಳ ಇರುವ ಹೂಗಳ ಪರಾಗ ಭಾರ, ಅದನ್ನು ಹೊರುವುದು ಜೇನುಹುಳ. ಗಾಳಿಯಲ್ಲಿ ಹಾರಿ ಬರುವುದು ಕಣ್ಣಿಗೂ ಬೀಳದ ಮರದ ಹೂಗಳದ್ದು, ಹುಲ್ಲಿನದ್ದು. ಅಲರ್ಜಿ ಇರುವ ಮಗುವಾದರೆ ಆಟ ಮುಗಿಸಿ ಬಂದ ಮೇಲೆ ಬಟ್ಟೆ ಬದಲಿಸಿ, ತಲೆಗೂದಲು ತೊಳೆಸಿ ಹಾಸಿಗೆಗೆ ಕಳಿಸಿ. ಉಸಿರಾಟದಲ್ಲಿ ಸುಯ್ ಅನ್ನುವ ಸದ್ದು ಬಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅಷ್ಟೇ, ತಕ್ಷಣ ಹೋಗಿ.

ಇಲ್ಲಿಯವರೆಗೆ ಮಕ್ಕಳ ಮಾತಾಯಿತು. ದೊಡ್ಡವರ ವಿಷಯ ಬಿಟ್ಟರೆ ಮಾತು ಅರ್ಧವಾಗುತ್ತದೆ.

ಹೊಸಿಲಿನ ಆ ಗಳಿಗೆಗಳಲ್ಲಿ ಯಾವಾಗಲೂ ನಿಲ್ಲುವವರು ಯಾರು? ಯೋಚನೆ ಮಾಡಿ. ಆಡಿಸುವವರು ಬೇಕಾದಷ್ಟು ಜನ ಇರುತ್ತಾರೆ. ಅಪ್ಪ ಭುಜದ ಮೇಲೆ ಕೂರಿಸಿಕೊಂಡು ಓಡುತ್ತಾರೆ, ಅಜ್ಜ ಉಯ್ಯಾಲೆ ತೂಗುತ್ತಾರೆ. ಆದರೆ ಶೂ ಹಾಕಿಸಿ ಹೊರಡಿಸುವುದು, ಅಳುವಾಗ ವಾಪಸ್ ಕರೆತರುವುದು, ಮಣ್ಣು ತೊಳೆಸುವುದು, ಕತ್ತಲು ಮಾಡಿ ಮಲಗಿಸುವುದು ಬಹಳಷ್ಟು ಮನೆಗಳಲ್ಲಿ ಒಬ್ಬರ ಪಾಲಿಗೇ ಬೀಳುತ್ತದೆ. ಆಗ ಒಬ್ಬರು ಮಗುವಿನ ನಗು ನೋಡುತ್ತಾರೆ, ಇನ್ನೊಬ್ಬರು ಅಳು ಮಾತ್ರ ನೋಡುತ್ತಾರೆ. ‘ನನ್ನ ಜೊತೆ ಇದ್ದಾಗ ಚೆನ್ನಾಗೇ ಇದ್ದಳಲ್ಲ’ ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಆ ಮಾತು ಎಷ್ಟು ಚುಚ್ಚುತ್ತದೆ ಅಂತ ಹೇಳುವವರಿಗೆ ಗೊತ್ತಾಗುವುದಿಲ್ಲ. ದಯವಿಟ್ಟು ಇದನ್ನು ಹಂಚಿಕೊಳ್ಳಿ. ಕರೆದುಕೊಂಡು ಹೋದವರೇ ವಾಪಸ್ ಕರೆತರಲಿ. ಒಂದು ದಿನ ಒಬ್ಬರು ಮಲಗಿಸಿದರೆ ಮರುದಿನ ಇನ್ನೊಬ್ಬರು. ‘ಅಮ್ಮನೇ ಬೇಕು’ ಅಂತ ಮೊದಲ ಕೆಲವು ರಾತ್ರಿ ಅಳಬಹುದು. ಅಮ್ಮ ಬಾಗಿಲ ಹೊರಗೆ ನಿಂತು ಅಪ್ಪನಿಗೆ ಸೂಚನೆ ಕೊಡುವುದು ಬೇಡ. ಅಪ್ಪನಿಗೆ ಅವರದೇ ದಾರಿ ಸಿಗುತ್ತದೆ.

ಅಣ್ಣ ತಂಗಿಯರ ಜಗಳದ ಬಗ್ಗೆ ಒಂದೇ ಮಾತು. ಎರಡು ಮಕ್ಕಳಿದ್ದರೆ ಒಬ್ಬರಿಗೆ ಓಡಬೇಕು, ಇನ್ನೊಬ್ಬರಿಗೆ ಇರುವೆ ನೋಡಬೇಕು. ಇಬ್ಬರನ್ನೂ ಒಂದೇ ಸಲಕ್ಕೆ ಖುಷಿಪಡಿಸಲು ಹೋಗಬೇಡಿ. ಇವತ್ತು ಅವಳ ದಾರಿ, ನಾಳೆ ಇವನ ದಾರಿ.

ತಾಳ್ಮೆ ತಪ್ಪುವುದು ಎಲ್ಲರಿಗೂ ಆಗುತ್ತದೆ. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ತಾಯಂದಿರು ಮತ್ತು ಹಸುಗೂಸುಗಳು ಒಬ್ಬರಿಗೊಬ್ಬರು ಹೇಗೆ ಸ್ಪಂದಿಸುತ್ತಾರೆ ಅಂತ ಹತ್ತಾರು ವರ್ಷ ನೋಡಿದವರು. ಚೆನ್ನಾಗಿ ಹೊಂದಿಕೊಂಡ ತಾಯಿ ಮಗುವಿನ ನಡುವೆಯೂ ಇಬ್ಬರ ಭಾವ ಒಂದಕ್ಕೊಂದು ಕೂಡುವುದು ಹತ್ತರಲ್ಲಿ ಮೂರು ಪಾಲು ಹೊತ್ತು ಮಾತ್ರ ಅಂತ ಅವರು ಕಂಡರು. ಉಳಿದ ಹೊತ್ತು ತಪ್ಪುತ್ತಾ, ಮತ್ತೆ ಸರಿಹೊಂದಿಸಿಕೊಳ್ಳುತ್ತಾ ಇರುತ್ತಾರೆ. ಹಾಗೆ ಮತ್ತೆ ಮತ್ತೆ ಸರಿಹೊಂದುವುದರಿಂದಲೇ ಮಗುವಿಗೆ ನಂಬಿಕೆ ಬೆಳೆಯುತ್ತದೆ ಅನ್ನುವುದು ಅವರ ವಾದ, ಅದು ನನಗೆ ಪೂರ್ತಿ ಒಪ್ಪಿಗೆ. ಬಾಗಿಲಲ್ಲಿ ಗದರಿದಿರಾ? ಒಳಗೆ ಬಂದು ಸಮಾಧಾನವಾದ ಮೇಲೆ ಹತ್ತಿರ ಕೂರಿಸಿಕೊಂಡು, ‘ಜೋರಾಗಿ ಕೂಗಿಬಿಟ್ಟೆ, ನಿಂಗೆ ಭಯ ಆಯ್ತಾ?’ ಅಂತ ಕೇಳಿ. ಎರಡು ವರ್ಷದ ಮಗುವೂ ಇದನ್ನು ಅರ್ಥಮಾಡಿಕೊಳ್ಳುತ್ತದೆ.

ಉಪನ್ಯಾಸ ಶುರುವಾಗುವ ಮುಂಚೆ ಒಬ್ಬ ತಂದೆ ಬಂದು ಕೇಳಿದರು. ‘ನಾವಿಬ್ಬರೂ ಕೆಲಸ ಮುಗಿಸಿ ಮನೆ ಸೇರುವಾಗಲೇ ಆರೂವರೆ. ಮಗು ಬಾಗಿಲಲ್ಲೇ ನಿಂತಿರುತ್ತದೆ, ಹೊರಗೆ ಹೋಗೋಣ ಅಂತ. ಹೋದರೆ ಊಟ ನಿದ್ದೆ ಎಲ್ಲ ತಡ. ಹೋಗದಿದ್ದರೆ ಅಳು. ಏನು ಮಾಡೋದು?’ ನನ್ನ ಉತ್ತರ ಇದು. ಹೋಗಿ. ಬ್ಯಾಗು ಒಳಗಿಟ್ಟು, ಮೊಬೈಲನ್ನೂ ಅಲ್ಲೇ ಇಟ್ಟು, ಮಗುವಿನ ಕೈ ಹಿಡಿದು ಹೋಗಿ. ಪಾರ್ಕು ಬೇಡ, ರಸ್ತೆಯ ತುದಿಯ ಮರದವರೆಗೆ ಸಾಕು. ಇಪ್ಪತ್ತು ನಿಮಿಷ. ದಿನವೂ ಅದೇ ಮರ ಆದರೆ ಅಲ್ಲಿ ಮುಟ್ಟಿ ತಿರುಗಬೇಕು ಅಂತ ಮಗುವಿಗೆ ತಾನಾಗಿ ಗೊತ್ತಾಗುತ್ತದೆ, ವಾಪಸ್ ಬರುವ ಜಗಳ ಇರುವುದಿಲ್ಲ. ಒಬ್ಬರು ಹೋದಾಗ ಇನ್ನೊಬ್ಬರು ಊಟ ಬಿಸಿ ಮಾಡಿ ಪರದೆ ಎಳೆದಿಡಲಿ. ಬಂದ ಮೇಲೆ ಪೂರ್ತಿ ಸ್ನಾನ ಮಾಡಿಸಲು ಹೊತ್ತಿಲ್ಲ ಅನ್ನಿಸಿದರೆ, ಅಲರ್ಜಿ ಇಲ್ಲದ ಮಗುವಾದರೆ, ಕೈಕಾಲು ಮುಖ ತೊಳೆಸಿ ಊಟಕ್ಕೆ ಕೂರಿಸಿ. ಸ್ನಾನ ಬೆಳಿಗ್ಗೆ ಆಗಲಿ.